ಗೋಡೆಯ ಮೇಲಿನ ಚೌಕಗಳು

2003ರ ಮಳೆಗಾಲದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಆಫೀಸಿನ ಗೋಡೆಗೆ ಒಂದು ಚಾರ್ಟ್ ಬಂತು. ಅದನ್ನು ಬರೆದವನು ನಾನೇ. ಬಿ.ಎಚ್. ರಸ್ತೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಗಂಟೆಗೆ ಇಷ್ಟೆಂದು ದುಡ್ಡು ಕೊಟ್ಟು ಕುಳಿತು, ಚೌಕಗಳನ್ನು ಎಳೆದು, ಚೌಕದಿಂದ ಚೌಕಕ್ಕೆ ಗೆರೆ ಹಾಕಿ, ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿಕೊಂಡು ಬಂದಿದ್ದೆ. ಎಲ್ಲಕ್ಕಿಂತ ಮೇಲಿನ ಚೌಕದಲ್ಲಿ ಮಾಲೀಕರು. ಅದರ ಕೆಳಗೆ ಮ್ಯಾನೇಜರ್. ಅವರ ಕೆಳಗೆ ಉತ್ಪಾದನೆ, ಗುಣಮಟ್ಟ, ಸ್ಟೋರ್ಸ್, ರಿಪೇರಿ ಎಂದು ನಾಲ್ಕು ಚೌಕಗಳು. ಉತ್ಪಾದನೆಯ ಚೌಕದಲ್ಲಿ ಸೂಪರ್‌ವೈಸರ್ ಆದ ನನ್ನ ಹೆಸರು. ಅದನ್ನು ನೋಡಿ ನನಗೆ ಆದ ಸಂತೋಷವನ್ನು ಈಗ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ.

ಚಾರ್ಟ್ ಬೇಕಾದದ್ದು ಐಎಸ್‌ಒ 9001 ಪ್ರಮಾಣಪತ್ರಕ್ಕಾಗಿ. ಆ ವರ್ಷಗಳಲ್ಲಿ ಬೆಂಗಳೂರಿನ ದೊಡ್ಡ ಕಂಪನಿಗಳು ತಮಗೆ ಬಿಡಿಭಾಗ ಮಾಡಿಕೊಡುವ ಸಣ್ಣವರಿಂದಲೂ ಆ ಪ್ರಮಾಣಪತ್ರ ಕೇಳಲು ಶುರುಮಾಡಿದ್ದವು. ಯಾರ ಜವಾಬ್ದಾರಿ ಏನು, ಯಾರಿಗೆ ಯಾವ ಅಧಿಕಾರ ಎಂಬುದು ಸಂಸ್ಥೆಯಲ್ಲಿ ಸ್ಪಷ್ಟವಾಗಿರಬೇಕು, ಅದು ಎಲ್ಲರಿಗೂ ತಿಳಿದಿರಬೇಕು ಎಂಬುದು ಅದರ ಒಂದು ನಿಯಮ. ಒಳ್ಳೆಯ ನಿಯಮವೇ. ಚಾರ್ಟ್ ಬರೆಯುವಾಗ ನನಗೆ ಎರಡು ಅನುಮಾನ ಬಂದವು. ಮಾಲೀಕರ ಭಾಮೈದ ದಿನವೂ ಬಂದು ಎಲ್ಲರಿಗೂ ಆಜ್ಞೆ ಮಾಡುತ್ತಿದ್ದರು, ಅವರನ್ನು ಯಾವ ಚೌಕಕ್ಕೆ ಹಾಕುವುದು? ಕಾಂಟ್ರಾಕ್ಟರ್ ಕರೆತಂದ ಹದಿನಾಲ್ಕು ಹುಡುಗರು ಪ್ರೆಸ್‌ಗಳ ಮೇಲೆ ಕೆಲಸ ಮಾಡುತ್ತಿದ್ದರು, ಅವರನ್ನು ಎಲ್ಲಿಗೆ ಹಾಕುವುದು? ಭಾಮೈದನವರನ್ನೇ ಕೇಳಿದೆ. ಮೊದಲನೆಯದಕ್ಕೆ ನಕ್ಕರು. ಎರಡನೆಯದಕ್ಕೆ, "ಅವ್ರು ನಮ್ಮೋರಲ್ಲ ಕಣ್ರೀ, ಕಾಂಟ್ರಾಕ್ಟರ್ ಕಡೆಯೋರು. ಚಾರ್ಟ್ ಚೆನ್ನಾಗಿ ಕಾಣ್ಲಿ, ಸುಮ್ನಿರಿ" ಎಂದರು. ಸುಮ್ಮನಾದೆ. ಆಡಿಟರ್ ಬಂದರು, ಚಾರ್ಟ್ ನೋಡಿ ತಲೆಯಾಡಿಸಿದರು, ಟೀ ಕುಡಿದು ಹೋದರು.

ಸತ್ಯಮಂಗಲ ಎಂದ ಕೂಡಲೇ ಓದುಗರು ತಮಿಳುನಾಡಿನ ಕಾಡನ್ನೋ ವೀರಪ್ಪನ್‌ನನ್ನೋ ನೆನೆಯುವುದು ಬೇಡ. ಇದು ನಮ್ಮ ತುಮಕೂರಿನ ಸತ್ಯಮಂಗಲ, ಕೈಗಾರಿಕಾ ಪ್ರದೇಶದ ಸತ್ಯಮಂಗಲ. ಶೀಟಿನ ಛಾವಣಿಯ ಶೆಡ್ಡುಗಳು, ಲಾರಿಗಳು, ಗೇಟಿನ ಎದುರು ಟೀ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಮುಂಚೆ ಗುಬ್ಬಿ, ಕುಣಿಗಲ್, ಹೆಬ್ಬೂರು ಕಡೆಯಿಂದ ಬಸ್ಸುಗಳಲ್ಲಿ ಬಂದ ಹುಡುಗರು ಕೈಯಲ್ಲಿ ಟಿಫನ್ ಡಬ್ಬಿ ಹಿಡಿದು ನಡೆದು ಬರುತ್ತಿದ್ದರು. ನಮ್ಮ ಶೆಡ್ಡಿನಲ್ಲಿ ಆರು ಪವರ್ ಪ್ರೆಸ್ ಇದ್ದವು. ತಗಡಿನ ಪಟ್ಟಿಯನ್ನು ಡೈ ಕೆಳಗೆ ಇಡುವುದು, ಪೆಡಲ್ ಒತ್ತುವುದು, ಪ್ರೆಸ್ ಹೊಡೆಯುವುದು, ತುಂಡು ತೆಗೆಯುವುದು. ದಿನಕ್ಕೆ ಸಾವಿರಾರು ಸಲ ಇಷ್ಟೇ ಕೆಲಸ. ಮಾಲು ಪೀಣ್ಯಕ್ಕೆ ಹೋಗುತ್ತಿತ್ತು.

ಹಗಲು ಈ ಕೆಲಸ, ರಾತ್ರಿ ಅಂಚೆ ತೆರಪಿನ ಬಿ.ಕಾಂ. ಓದು. ಅದರಲ್ಲಿ 'ಸಾಂಸ್ಥಿಕ ವರ್ತನೆ' ಎಂಬ ಪಾಠ ಬಂದಾಗ ನನಗೆ ಬೇರೆ ಯಾವ ವಿಷಯದಲ್ಲೂ ಇಲ್ಲದ ಆಸಕ್ತಿ ಹುಟ್ಟಿತು. ಸಂಸ್ಥೆಯೊಂದರಲ್ಲಿ ಮನುಷ್ಯರು ಒಬ್ಬೊಬ್ಬರಾಗಿ ಮತ್ತು ಗುಂಪಾಗಿ ಹೇಗೆ ನಡೆದುಕೊಳ್ಳುತ್ತಾರೆ, ಏಕೆ ಹಾಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅಭ್ಯಾಸ ಮಾಡುವ ಶಾಸ್ತ್ರ ಅದು. ನಾನು ದಿನವೂ ಕಾಣುತ್ತಿದ್ದ ಜಗಳ, ಮುನಿಸು, ಗುಂಪುಗಾರಿಕೆ ಎಲ್ಲಕ್ಕೂ ಪುಸ್ತಕದಲ್ಲಿ ಹೆಸರಿತ್ತು. ಹೆಸರು ಗೊತ್ತಾದರೆ ವಿಷಯವೂ ಗೊತ್ತಾಯಿತು ಎಂದು ಭಾವಿಸುವ ವಯಸ್ಸು.

ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ಪ್ರಕಟಿಸಿದ ಹದಿನಾಲ್ಕು ತತ್ವಗಳು ನನಗೆ ಬಾಯಿಪಾಠವಾಗಿದ್ದವು. ಅದರಲ್ಲೊಂದು ಆದೇಶದ ಏಕತೆ. ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಧಿಕಾರಿ ಆಜ್ಞೆ ಕೊಡಬೇಕು, ಇಬ್ಬರು ಕೊಟ್ಟರೆ ಕೆಲಸ ಕೆಡುತ್ತದೆ. ಜರ್ಮನಿಯ ಮ್ಯಾಕ್ಸ್ ವೆಬರ್ ಹೇಳಿದ ಅಧಿಕಾರಶಾಹಿ ವ್ಯವಸ್ಥೆಯೂ ಇತ್ತು. ನಾವು ಅಧಿಕಾರಶಾಹಿ ಎಂಬುದನ್ನು ಬೈಗುಳವಾಗಿಯೇ ಬಳಸುತ್ತೇವೆ. ವೆಬರ್ ಹೇಳಿದ್ದು ಬೇರೆ. ವ್ಯಕ್ತಿಯ ಮರ್ಜಿಯಲ್ಲ, ಬರೆದಿಟ್ಟ ನಿಯಮ ಆಳಬೇಕು, ಹುದ್ದೆ ಬೇರೆ, ಹುದ್ದೆಯಲ್ಲಿ ಕುಳಿತವನು ಬೇರೆ ಎಂಬ ವ್ಯವಸ್ಥೆ ಅದು. ಭಾಮೈದನ ಕೈಕೆಳಗೆ ಕೆಲಸ ಮಾಡಿದವನಿಗೆ ಅದರ ಬೆಲೆ ಗೊತ್ತಾಗುತ್ತದೆ.

ನಮ್ಮ ಮಾಮುಗೆ ಅದು ಓದದೆಯೇ ಗೊತ್ತಿತ್ತು. ಅಮ್ಮಿಯ ತಮ್ಮ ಅವರು. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಇದ್ದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಮಾಡಲು ಹೊರಟ ಎಚ್‌ಎಂಟಿ, 1978ರಲ್ಲಿ ತುಮಕೂರಿನಲ್ಲಿ ಕಾರ್ಖಾನೆ ತೆರೆದಾಗ ಊರಿನ ಎಷ್ಟೋ ಮನೆಗಳ ದಿಕ್ಕು ಬದಲಾಯಿತು. ಎಚ್‌ಎಂಟಿಯಲ್ಲಿ ಕೆಲಸ ಎಂದರೆ ಹೆಣ್ಣು ಕೊಡಲು ಎರಡು ಮಾತಿರಲಿಲ್ಲ. ಮಾಮು ತಮ್ಮ ಟೋಕನ್ ನಂಬರನ್ನು ನಿವೃತ್ತಿಯ ನಂತರವೂ ಮರೆತಿರಲಿಲ್ಲ. ಗ್ರೇಡು, ಇಂಕ್ರಿಮೆಂಟು, ಕ್ಯಾಂಟೀನು, ಯೂನಿಯನ್ನು ಎಲ್ಲದರ ಬಗ್ಗೆಯೂ ಹೇಳುವರು. ನಾನು ನನ್ನ ಚಾರ್ಟಿನ ವಿಷಯ ಹೇಳಿದಾಗ, "ನಿನಗೆ ಅಪಾಯಿಂಟ್‌ಮೆಂಟ್ ಲೆಟರ್ ಕೊಟ್ಟಿದ್ದಾರಾ?" ಎಂದು ಕೇಳಿದರು. ಇರಲಿಲ್ಲ. "ಮತ್ತೆ ಚೌಕ ಯಾಕೆ?" ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು.

ಎಚ್‌ಎಂಟಿಯ ಕತೆ ಮುಂದೆ ಏನಾಯಿತೆಂದು ಎಲ್ಲರಿಗೂ ತಿಳಿದದ್ದೇ. 1987ರಲ್ಲಿ ಟೈಟಾನ್ ಕ್ವಾರ್ಟ್ಜ್ ಗಡಿಯಾರಗಳೊಂದಿಗೆ ಮಾರುಕಟ್ಟೆಗೆ ಬಂದ ಮೇಲೆ ಕೀಲಿ ಕೊಡುವ ಗಡಿಯಾರದ ಕಾಲ ಮುಗಿಯುತ್ತಾ ಬಂತು. 2016ರ ಜನವರಿಯಲ್ಲಿ ಕೇಂದ್ರ ಸರಕಾರ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ತುಮಕೂರಿನ ಜಾಗ ಆಮೇಲೆ ಇಸ್ರೋಗೆ ಹೋಯಿತು. ಇದನ್ನು ತೋರಿಸಿ, ನೋಡಿ, ನಿಯಮ, ಗ್ರೇಡು, ಯೂನಿಯನ್ ಎಂದರೆ ಹೀಗೇ ಆಗುವುದು ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಯಾವ ಗಡಿಯಾರ ಮಾಡಬೇಕೆಂದು ತೀರ್ಮಾನಿಸಿದವರು ಟೋಕನ್ ನಂಬರಿನ ಜನರಲ್ಲ. ಇರಲಿ, ಅದು ಬೇರೆಯೇ ಲೇಖನವಾದೀತು.

ನಮ್ಮ ಶೆಡ್ಡಿಗೆ ಬರೋಣ. ಚಾರ್ಟಿನ ಪ್ರಕಾರ ಪ್ರೆಸ್‌ಗಳ ಮೇಲೆ ಅಧಿಕಾರ ನನ್ನದು. ನಿಜದಲ್ಲಿ ಅದು ಡೈ ಸೆಟ್ಟರ್‌ನದು. ಐವತ್ತು ದಾಟಿದ ಮನುಷ್ಯ, ಏಳನೇ ಕ್ಲಾಸು ಓದಿದವರು, ಗುಬ್ಬಿಯವರು. ಎಲ್ಲರೂ ಅವರನ್ನು ಗುಬ್ಬಿ ಅಣ್ಣ ಎನ್ನುತ್ತಿದ್ದರು. ಪ್ರೆಸ್ಸಿನ ಸದ್ದು ಕೇಳಿಯೇ ಡೈ ಮೊಂಡಾಗಿದೆಯೋ ಇಲ್ಲವೋ ಹೇಳುತ್ತಿದ್ದರು. ಅವರು ಮುನಿಸಿಕೊಂಡ ದಿನ ಡೈ ಬದಲಿಸಲು ಅರ್ಧ ಗಂಟೆಯ ಬದಲು ಎರಡು ಗಂಟೆ ಹಿಡಿಯುತ್ತಿತ್ತು, ಮತ್ತು ಅದು ಯಾಕೆ ಎಂದು ಯಾರೂ ಸಾಬೀತು ಮಾಡುವಂತಿರಲಿಲ್ಲ. ಗುಬ್ಬಿಯವರಾದ್ದರಿಂದ ನಾಟಕದ ಹುಚ್ಚು ಸಹಜ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಅದನ್ನು ನಾಡಿಗೆಲ್ಲ ಹೆಸರಾಗಿಸಿದ ವೀರಣ್ಣನವರು, ಅಲ್ಲಿಂದ ಬಂದ ರಾಜಕುಮಾರ್, ನರಸಿಂಹರಾಜು ಇವರ ಮಾತು ಬಂದರೆ ಪ್ರೆಸ್ ನಿಲ್ಲಿಸಿಯೇ ಬಿಡುವರು. ನನ್ನ ಚಾರ್ಟನ್ನು ಬಹಳ ಹೊತ್ತು ನೋಡಿ, "ಚೆನ್ನಾಗದೆ ಸಾರ್. ರಾಜ, ಮಂತ್ರಿ, ಸೇನಾಪತಿ ಎಲ್ಲಾ ಅವ್ರೆ. ಪರದೆ ಎಳೆಯೋನ್ನ ಎಲ್ಲೂ ಬರ್ದಿಲ್ಲ" ಎಂದಿದ್ದರು. ರಿಪೇರಿಯ ಚೌಕದಲ್ಲಿ ನೀವೇ ಇದ್ದೀರಲ್ಲ ಎಂದೆ. "ನಾನಲ್ಲ ಸಾರ್" ಎಂದು ಪ್ರೆಸ್‌ಗಳ ಕಡೆ ಕೈ ತೋರಿಸಿ ಹೋದರು.

ಪುಸ್ತಕದಲ್ಲಿ ಇದಕ್ಕೆ ಅನೌಪಚಾರಿಕ ಸಂಘಟನೆ ಎಂದು ಹೆಸರು. ಚಾರ್ಟಿನಲ್ಲಿ ಇಲ್ಲದ, ಆದರೆ ಕೆಲಸ ನಡೆಸುವ ಸಂಬಂಧಗಳು. ನಮ್ಮಲ್ಲಿ ಇದರ ಒಂದು ಒಳ್ಳೆಯ ಉದಾಹರಣೆ ಶುಕ್ರವಾರದ ಏರ್ಪಾಡು. ರೋಲಿನಲ್ಲಿದ್ದ ಇಪ್ಪತ್ನಾಲ್ಕು ಜನರಲ್ಲಿ ನಾವು ಐದು ಮಂದಿ ಮುಸ್ಲಿಮರು. ಜುಮಾ ನಮಾಜಿಗೆ ಹೋಗಿ ಬರಲು ಊಟದ ಅರ್ಧ ಗಂಟೆ ಸಾಲದು. ಅರ್ಜಿ ಕೊಟ್ಟು ಮಾಲೀಕರ ಅಪ್ಪಣೆ ಕೇಳಿದ್ದರೆ ಸಿಗುತ್ತಿತ್ತೋ ಏನೋ, ಯಾರೂ ಕೇಳಲಿಲ್ಲ. ಗುಬ್ಬಿ ಅಣ್ಣನೇ ಒಂದು ದಿನ, "ನೀವು ಹೋಗ್ಬನ್ನಿ, ನಿಮ್ ಮಿಷನ್ ನಾವು ನೋಡ್ಕೋತೀವಿ. ಸಿದ್ಧಗಂಗೆ ಜಾತ್ರೆ ದಿನ ನೀವು ನಮ್ದು ನೋಡ್ಕೊಳ್ಳಿ" ಎಂದರು. ಶಿವರಾತ್ರಿಯ ಹೊತ್ತಿಗೆ ನಡೆಯುವ ಸಿದ್ಧಗಂಗೆ ಜಾತ್ರೆಗೆ, ಅಲ್ಲಿನ ದನಗಳ ಪರಿಷೆಗೆ ಸುತ್ತಲಿನ ಹಳ್ಳಿಯವರು ತಪ್ಪಿಸುವವರಲ್ಲ. ಹಾಗೆ ಶುರುವಾದದ್ದು ಯುಗಾದಿಗೂ ರಂಜಾನಿಗೂ ಹಬ್ಬಿತು. ಎಲ್ಲಿಯೂ ಬರೆದಿಟ್ಟಿರಲಿಲ್ಲ, ಒಂದು ದಿನವೂ ತಪ್ಪಲಿಲ್ಲ.

ಆದರೆ ಇಂಥ ಏರ್ಪಾಡಿಗೆ ಸೇರದವರೂ ಇದ್ದರಲ್ಲ, ಆ ಹದಿನಾಲ್ಕು ಹುಡುಗರು, ಅವರು ಜಾತ್ರೆಗೂ ಇಲ್ಲ, ಜುಮಾಗೂ ಇಲ್ಲ. ಬಂದ ದಿನ ಕೂಲಿ, ಬಾರದ ದಿನ ಇಲ್ಲ.

ಇನ್ನೊಂದು ಅಲಿಖಿತ ನಿಯಮವಿತ್ತು. ಒಂದು ಶಿಫ್ಟಿಗೆ ಒಬ್ಬ ಆಪರೇಟರ್ ಮೂರು ಸಾವಿರ ತುಂಡಿಗಿಂತ ಹೆಚ್ಚು ಹೊಡೆಯುತ್ತಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಎರಡು ಸಾವಿರದ ಎಂಟುನೂರು ಆಗಿದ್ದರೆ ನೀರು ಕುಡಿಯಲು ಹೋಗುವರು, ಪಟ್ಟಿಗೆ ಎಣ್ಣೆ ಹಚ್ಚುವರು, ಬೆಂಚು ಗುಡಿಸುವರು. ಹೊಸಬನೊಬ್ಬ ಮೀರಿ ಹೊಡೆದರೆ "ಏನಪ್ಪಾ, ಮಾಲೀಕರ ಅಳಿಯನಾಗ್ತೀಯಾ?" ಎಂದು ರೇಗಿಸುವರು. ನನಗೆ ಇದು ಸೋಮಾರಿತನವಾಗಿ ಕಾಣುತ್ತಿತ್ತು. ಆಮೇಲೆ ಹಾಥಾರ್ನ್ ಪ್ರಯೋಗಗಳ ಪಾಠ ಓದಿದೆ. ಅಮೆರಿಕದ ಶಿಕಾಗೋ ಬಳಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳು ಇವು. ಮೊದಲು ದೀಪದ ಬೆಳಕು ಹೆಚ್ಚಿಸಿದರೆ ಕೆಲಸ ಹೆಚ್ಚಾಗುತ್ತದೆಯೇ ಎಂದು ನೋಡಲು ಹೊರಟರು, ಕೊನೆಗೆ ಮನುಷ್ಯರ ಗುಂಪಿನ ಮನಸ್ಸಿಗೆ ಬಂದು ನಿಂತರು. ಕೊನೆಯ ಹಂತದಲ್ಲಿ ಒಂದು ಕೋಣೆಯ ಹದಿನಾಲ್ಕು ಗಂಡಸರನ್ನು ಗಮನಿಸಿದರು. ಅವರೂ ದಿನಕ್ಕೆ ಇಷ್ಟೇ ಎಂದು ತಮ್ಮಲ್ಲೇ ಗೊತ್ತುಮಾಡಿಕೊಂಡಿದ್ದರು. ಮೀರಿ ದುಡಿದವನ ತೋಳಿಗೆ ಒಂದು ಗುದ್ದು ಬೀಳುತ್ತಿತ್ತು. ಎಲ್ಲಿಯ ಶಿಕಾಗೋ, ಎಲ್ಲಿಯ ಸತ್ಯಮಂಗಲ ಎಂದು ಬೆರಗಾಯಿತು. ಹೆಚ್ಚು ದುಡಿದರೆ ಮಾಲೀಕರು ದರ ಇಳಿಸುತ್ತಾರೆ, ಇಲ್ಲವೇ ಕೆಲವರನ್ನು ತೆಗೆಯುತ್ತಾರೆ ಎಂಬ ಭಯದಿಂದ ಗುಂಪು ಹೀಗೆ ಮಾಡುತ್ತದೆ ಎಂದು ಪುಸ್ತಕದ ವಿವರಣೆ. ಇದನ್ನು ಮುರಿಯುವುದು ಹೇಗೆಂದು ನಾನು ಯೋಚಿಸತೊಡಗಿದೆ. ಮುಂದಿನ ಅಧ್ಯಾಯದಲ್ಲಿ ಹರ್ಜ್‌ಬರ್ಗ್ ಇದ್ದ. ಸಂಬಳವೊಂದೇ ಮನುಷ್ಯನನ್ನು ಹುರಿದುಂಬಿಸುವುದಿಲ್ಲ, ಮನ್ನಣೆ ಬೇಕು, ಮೆಚ್ಚುಗೆ ಬೇಕು ಎಂದವನು.

2004ರ ಜನವರಿಯಲ್ಲಿ ಕಾಂಟ್ರಾಕ್ಟರ್ ಒಬ್ಬ ಹೊಸ ಹುಡುಗನನ್ನು ತಂದು ಬಿಟ್ಟ. ಕುಣಿಗಲ್ ಕಡೆಯ ಹಳ್ಳಿಯವನು, ಹತ್ತೊಂಬತ್ತು ವರ್ಷ. ಮಾತು ಕಡಿಮೆ. ಕೈ ಬಹಳ ಚುರುಕು. ಎರಡನೇ ವಾರದಲ್ಲೇ ಮೂರು ಸಾವಿರದ ಎಂಟುನೂರು ಹೊಡೆದ. ಅವನನ್ನು ಯಾರೂ ರೇಗಿಸಲಿಲ್ಲ. ಗುಂಪಿನವನನ್ನಲ್ಲವೇ ರೇಗಿಸುವುದು? ಅವನು ಕಾಂಟ್ರಾಕ್ಟರ್ ಹುಡುಗ, ನಾಳೆ ಇದ್ದರೆ ಇದ್ದ. ನನಗೆ ಇದೇ ಅವಕಾಶ ಎನಿಸಿತು. ಸಂಜೆ ಶಿಫ್ಟ್ ಮುಗಿಯುವಾಗ ಎಲ್ಲರನ್ನೂ ನಿಲ್ಲಿಸಿ, ಅವನ ಹೆಗಲ ಮೇಲೆ ಕೈ ಇಟ್ಟು, "ಇವನನ್ನ ನೋಡಿ ಕಲೀರಿ" ಎಂದೆ. ಹುಡುಗ ತಲೆ ತಗ್ಗಿಸಿ ನಕ್ಕ. ಗುಬ್ಬಿ ಅಣ್ಣ ಏನೂ ಹೇಳದೆ ಕೈ ತೊಳೆಯಲು ಹೋದರು. ಮರುದಿನ ಅವನು ನಾಲ್ಕು ಸಾವಿರ ದಾಟಿದ.

ಆ ಪ್ರೆಸ್‌ಗಳಲ್ಲಿ ಮೊದಲು ಕೈ ಒಳಗೆ ಹೋಗದಂತೆ ಕಬ್ಬಿಣದ ಜಾಲರಿಯ ಗಾರ್ಡ್ ಇತ್ತು. ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಹೊಡೆಯುವಂತಿತ್ತು. ಹಾಗಿದ್ದರೆ ಕೈ ಡೈ ಕೆಳಗೆ ಇರಲು ಸಾಧ್ಯವೇ ಇಲ್ಲ. ಆದರೆ ಕೆಲಸ ನಿಧಾನ. ಹಿಂದಿನ ದೀಪಾವಳಿ ಹೊತ್ತಿಗೆ ಆರ್ಡರ್ ಹೆಚ್ಚಾದಾಗ ಗಾರ್ಡುಗಳನ್ನು ಬಿಚ್ಚಿಸಿ, ಗುಂಡಿ ತೆಗೆಸಿ, ಕಾಲಿನ ಪೆಡಲ್ ಹಾಕಿಸಿದ್ದರು. ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಮರೆ ಇರಲೇಬೇಕು ಎಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಹೇಳುತ್ತಿತ್ತು. ಆ ಕಲಮೂ ನನ್ನ ಸಿಲಬಸ್ಸಿನಲ್ಲಿತ್ತು. ಕೈಗೂ ಕಾಲಿಗೂ ತಾಳ ತಪ್ಪದಂತೆ ಬರಿಗೈಯಲ್ಲಿ ದಿನಕ್ಕೆ ಎಷ್ಟು ಹೊಡೆಯಬಹುದು ಎಂಬ ಲೆಕ್ಕವೇ ಆ ಮೂರು ಸಾವಿರ. ಇದನ್ನು ಗುಬ್ಬಿ ಅಣ್ಣ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. "ಅದ್ರ ಮೇಲೆ ಕಣ್ಣು ಒಂದ್ಕಡೆ, ಕಾಲು ಒಂದ್ಕಡೆ ಆಯ್ತದೆ ಸಾರ್. ನಮ್ಗೆಲ್ಲ ಗೊತ್ತಿತ್ತು. ಆ ಮಗೂಗೆ ಯಾರೂ ಹೇಳ್ಲಿಲ್ಲ." ಶಿಕಾಗೋದ ಪುಸ್ತಕದಲ್ಲಿ ಈ ಕಾರಣ ಬರೆದಿರಲಿಲ್ಲ.

ಫೆಬ್ರವರಿಯಲ್ಲಿ ಜಾತ್ರೆ ಬಂತು. ಒಪ್ಪಂದದಂತೆ ಗುಬ್ಬಿ ಅಣ್ಣ ಮತ್ತು ಅವರ ಕಡೆಯವರೆಲ್ಲ ರಜೆ. ಹೊರಡುವ ಹಿಂದಿನ ಸಂಜೆ ಅವರು ನನಗೆ, "ನಾಲ್ಕನೇ ಪ್ರೆಸ್ ಡಬಲ್ ಹೊಡೀತದೆ, ಕ್ಲಚ್ ಸವೆದದೆ. ನಾ ಬರೋಗಂಟ ಹಾಕ್ಬೇಡಿ" ಎಂದಿದ್ದರು. ಪೆಡಲ್ ಒಮ್ಮೆ ಒತ್ತಿದರೆ ಪ್ರೆಸ್ ಎರಡು ಸಲ ಇಳಿಯುವುದಕ್ಕೆ ಡಬಲ್ ಎನ್ನುತ್ತಾರೆ. ಮೊದಲ ಹೊಡೆತವಾಯಿತೆಂದು ತುಂಡು ತೆಗೆಯಲು ಕೈ ಹಾಕಿದಾಗ ಎರಡನೆಯದು ಬೀಳುತ್ತದೆ. ನಾನು ಹುಡುಗನಿಗೆ ಬೆಳಿಗ್ಗೆಯೇ ಹೇಳಿದೆ, ನಾಲ್ಕನೆಯದು ಮುಟ್ಟಬೇಡ. ಹನ್ನೊಂದರ ಹೊತ್ತಿಗೆ ಭಾಮೈದ ಬಂದರು. ರಾತ್ರಿಯೊಳಗೆ ಪೀಣ್ಯಕ್ಕೆ ಮಾಲು ಹೋಗಬೇಕಿತ್ತು, ಇದ್ದ ಜನ ಸಾಲುತ್ತಿರಲಿಲ್ಲ. ನನ್ನನ್ನು ಕೇಳದೆ ನೇರ ಹುಡುಗನ ಹತ್ತಿರ ಹೋಗಿ, "ನಾಲ್ಕರಲ್ಲಿ ಕೂತ್ಕೋ, ನೀನೇ ಫಾಸ್ಟ್ ಅಂತೆ" ಎಂದರು. ಹುಡುಗ ನನ್ನ ಕಡೆ ನೋಡಿದ. ನಾನು ಸ್ಟೋರ್ಸಿನ ಬಾಗಿಲಲ್ಲಿ ನಿಂತಿದ್ದೆ. ಇಬ್ಬರ ಆಜ್ಞೆಯಲ್ಲಿ ಯಾವುದು ನಡೆಯಬೇಕೆಂದು ಅವನು ಕಣ್ಣಲ್ಲೇ ಕೇಳುತ್ತಿದ್ದಾನೆಂದು ನನಗೆ ಅರ್ಥವಾಯಿತು. "ಹುಷಾರು" ಎಂದೆ. ಅಷ್ಟೇ.

ಮಧ್ಯಾಹ್ನ ಎರಡೂಕಾಲಿಗೆ ಅವನ ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳು ಹೋದವು. ಆ ಸದ್ದನ್ನು, ಅದರ ನಂತರ ಶೆಡ್ಡಿನಲ್ಲಿ ಆದ ಮೌನವನ್ನು ವರ್ಣಿಸುವ ಆಸೆ ನನಗಿಲ್ಲ. ಆಟೋದಲ್ಲಿ ನನ್ನ ತೊಡೆಯ ಮೇಲೆ ಅವನ ಕೈ ಇತ್ತು, ನನ್ನ ಟವೆಲ್ ಸುತ್ತಿತ್ತು. ಅವನು ಅಳಲಿಲ್ಲ. "ಸಾರ್, ಕಾಂಟ್ರಾಕ್ಟರ್‌ಗೆ ಹೇಳ್ಬೇಡಿ, ಬುಟ್ಬುಡ್ತಾನೆ" ಎಂದು ಎರಡು ಸಲ ಹೇಳಿದ.

ಆಸ್ಪತ್ರೆಯಲ್ಲಿ ಬರೆಸುವಾಗ ಕೇಳಿದರು, ಎಲ್ಲಿ ಕೆಲಸ? ನಮ್ಮ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ಕಾಂಟ್ರಾಕ್ಟರ್ ಬಳಿ ಇದ್ದದ್ದು ಒಂದು ನೋಟ್‌ಬುಕ್. ಇಎಸ್‌ಐ ಇಲ್ಲ. ನಾನು ಬರೆದ ಚಾರ್ಟಿನಲ್ಲಂತೂ ಇಲ್ಲವೇ ಇಲ್ಲ. ಚಾರ್ಟಿನಲ್ಲಿ ಇಲ್ಲದಿದ್ದರೂ ಕಾನೂನಿನಲ್ಲಿ ಗೆರೆ ಇತ್ತು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 12ನೇ ಕಲಮಿನ ಪ್ರಕಾರ, ಕಾಂಟ್ರಾಕ್ಟರ್ ತಂದ ಕೆಲಸಗಾರನಿಗೆ ಏನಾದರೂ ಆದರೆ ಪರಿಹಾರ ಕೊಡಬೇಕಾದವನು ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕ. ಆಮೇಲೆ ಬೇಕಾದರೆ ಕಾಂಟ್ರಾಕ್ಟರ್‌ನಿಂದ ವಸೂಲು ಮಾಡಿಕೊಳ್ಳಲಿ. ಆ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿಯಿತ್ತು. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 14 ನಷ್ಟ, ನಡುಬೆರಳು ಪೂರ್ತಿ ಹೋದರೆ ಶೇ. 12. ಗೆಣ್ಣು ಕಡಿಮೆಯಾದಂತೆ ಶೇಕಡಾವೂ ಕಡಿಮೆ. ಅದೇ ಕಾಯ್ದೆಯಲ್ಲಿ ಮಾಲೀಕನಿಗೆ ಒಂದು ಕಿಂಡಿಯೂ ಇತ್ತು. ಕೆಲಸಗಾರನೇ ಬೇಕೆಂದು ಗಾರ್ಡ್ ತೆಗೆದು ಗಾಯ ಮಾಡಿಕೊಂಡಿದ್ದರೆ, ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆಗದ ಪ್ರಕರಣಗಳಲ್ಲಿ, ಪರಿಹಾರ ಕೊಡಬೇಕಾಗಿಲ್ಲ.

ಮಾರನೆಯ ದಿನ ಭಾಮೈದ ವರದಿ ಹೇಳಿ ಬರೆಸಿದರು. "ಆಪರೇಟರ್ ಸೂಚನೆ ಮೀರಿ, ಗಾರ್ಡ್ ತೆಗೆದು ನಾಲ್ಕನೇ ಪ್ರೆಸ್ ಚಾಲನೆ ಮಾಡಿದ್ದರಿಂದ..." ನಾನು ಬರೆದೆ. ನನ್ನ ಅಕ್ಷರ ದುಂಡಗಿತ್ತು. ಕೆಳಗೆ ಸಹಿ ಹಾಕಿದೆ. ಯಾಕೆ ಹಾಕಿದೆ ಎಂದು ಇಪ್ಪತ್ತು ವರ್ಷಗಳಿಂದ ಕೇಳಿಕೊಂಡಿದ್ದೇನೆ. ಕೆಲಸ ಹೋಗುವ ಭಯ, ತಂಗಿಯ ಮದುವೆಯ ಸಾಲ ಎಲ್ಲವೂ ಇದ್ದವು. ಆದರೆ ಸಹಿ ಹಾಕುವಾಗ ಅವು ಯಾವುವೂ ನೆನಪಿಗೆ ಬಂದಿರಲಿಲ್ಲ. ಮೇಲಿನ ಚೌಕದವರು ಹೇಳಿದರು, ಕೆಳಗಿನ ಚೌಕದವನು ಮಾಡಿದ. ಭಾಮೈದನಿಗೆ ಚೌಕವೇ ಇರಲಿಲ್ಲ ಎಂಬುದೂ ಆಗ ಹೊಳೆಯಲಿಲ್ಲ.

ಎರಡನೇ ಸಹಿ ಗುಬ್ಬಿ ಅಣ್ಣನದಾಗಬೇಕಿತ್ತು, ತಾನು ರಜೆಗೆ ಹೋಗುವಾಗ ಗಾರ್ಡ್ ಇತ್ತು ಎಂದು. ಜಾತ್ರೆಯಿಂದ ಬಂದವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಪೂರ್ತಿ ಓದಿದರು. "ಗಾರ್ಡ್ ದೀಪಾವಳೀಲೇ ಬಿಚ್ಚಿದ್ದು. ಬಿಚ್ಚಿದೋನು ನಾನೇ. ಬಿಚ್ಚು ಅಂದೋರು ಯಾರು ಅಂತಾನೂ ಬರೀರಿ, ಸಯಿನ್ ಹಾಕ್ತೀನಿ" ಎಂದರು. ಭಾಮೈದ ಕೂಗಾಡಿದರು. ಮನೆಗೆ ಕಳಿಸುತ್ತೇನೆಂದರು. "ಕಳ್ಸಿ. ಡೈ ಹಾಕೋರ್ನ ಹುಡುಕ್ಕಳಿ" ಎಂದು ಅವರು ಹೋಗಿ ತಮ್ಮ ಸ್ಪ್ಯಾನರ್ ಪೆಟ್ಟಿಗೆಯ ಮೇಲೆ ಕುಳಿತರು. ಆ ದಿನ ಯಾವ ಪ್ರೆಸ್ಸೂ ಓಡಲಿಲ್ಲ. ಯಾರೂ ಮುಷ್ಕರ ಎನ್ನಲಿಲ್ಲ. ಡೈ ಕೂರುತ್ತಿರಲಿಲ್ಲ, ಅಷ್ಟೇ.

ಚೆಸ್ಟರ್ ಬರ್ನಾರ್ಡ್ ಎಂಬ ಅಮೆರಿಕದ ಟೆಲಿಫೋನ್ ಕಂಪನಿಯ ಅಧ್ಯಕ್ಷ 1938ರಲ್ಲಿ ಬರೆದ ಪುಸ್ತಕದಲ್ಲಿ ಒಂದು ವಾದವಿದೆ. ಅಧಿಕಾರ ಮೇಲಿನಿಂದ ಇಳಿದು ಬರುವುದಿಲ್ಲ, ಆಜ್ಞೆಯನ್ನು ಪಡೆದವನು ಒಪ್ಪಿಕೊಂಡಾಗಲೇ ಅದು ಅಧಿಕಾರವಾಗುತ್ತದೆ ಎಂದು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಓದಿಕೊಂಡಿದ್ದೆ.

ಸಂಜೆ ಮಾಲೀಕರೇ ಬಂದರು. ಮನುಷ್ಯ ಕೆಟ್ಟವರೇನಲ್ಲ, ತಮ್ಮ ಶೆಡ್ಡಿನಲ್ಲಿ ಏನು ನಡೆಯುತ್ತದೆಂದು ತಿಳಿಯದಿರುವುದು ಅವರಿಗೆ ಅನುಕೂಲವಾಗಿತ್ತು. ಮೊದಲಿನ ವರದಿಯನ್ನು ಹರಿದರು. ಎರಡನೆಯದನ್ನೂ ನನ್ನಿಂದಲೇ ಬರೆಸಿದರು, ಈ ಸಲ ಇದ್ದದ್ದು ಇದ್ದಂತೆ. ಆಸ್ಪತ್ರೆ ಖರ್ಚು ಕೊಟ್ಟರು. ಪಟ್ಟಿಯ ಪ್ರಕಾರ ಲೆಕ್ಕ ಹಾಕಿದ ಹಣದಲ್ಲಿ ಸ್ವಲ್ಪ ಚೌಕಾಸಿ ಮಾಡಿ ಉಳಿದದ್ದನ್ನು ಹುಡುಗನ ತಂದೆಯ ಕೈಗೆ ಕೊಟ್ಟರು. ಆರೂ ಪ್ರೆಸ್‌ಗಳಿಗೆ ಗಾರ್ಡ್ ವಾಪಸು ಬಂತು. ಉತ್ಪಾದನೆ ಎರಡು ಸಾವಿರದ ನಾನೂರಕ್ಕೆ ಇಳಿಯಿತು, ಅದಕ್ಕಾಗಿ ಯಾರೂ ಮುಳುಗಲಿಲ್ಲ. ಕಾಂಟ್ರಾಕ್ಟರ್ ಬದಲಾದ. ಹುಡುಗ ಮತ್ತೆ ಬರಲಿಲ್ಲ. ಚಾರ್ಟ್ ಗೋಡೆಯ ಮೇಲೆ ಹಾಗೆಯೇ ಇತ್ತು.

ಅಮ್ಮಿಗೆ ನಾನು ಎಲ್ಲವನ್ನೂ ಹೇಳಿದೆ, ಸಹಿಯ ವಿಷಯವನ್ನೂ. ಅವರು ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ತಂಬಾಕು, ದಾರ. ನಲವತ್ತು ವರ್ಷ ಕಟ್ಟಿದವರು. ಕೇಳುವಾಗ ಬೆರಳು ನಿಲ್ಲಲಿಲ್ಲ. "ಆ ಹುಡುಗ ಯಾರ ಪುಸ್ತಕದಲ್ಲಿ ಕಟ್ಟುತ್ತಿದ್ದ ಬೇಟಾ?" ಎಂದು ಕೇಳಿದರು. ಮೊದಲು ನನಗೆ ಅರ್ಥವಾಗಲಿಲ್ಲ. ಬೀಡಿ ಕೆಲಸದಲ್ಲಿ ಪುಸ್ತಕ ಒಬ್ಬರ ಹೆಸರಲ್ಲಿ, ಕಟ್ಟುವವರು ಇಬ್ಬರು ಮೂವರು. ನಮ್ಮ ಖಾಲಾ ಹನ್ನೆರಡು ವರ್ಷ ಅಮ್ಮಿಯ ಪುಸ್ತಕದಲ್ಲಿ ಕಟ್ಟಿದರು. ಸಾವಿರ ಬೀಡಿಗೆ ಇಷ್ಟು ಎಂದು ಬಂದ ಹಣ ಮನೆಯಲ್ಲಿ ಹಂಚಿಕೊಂಡರಾಯಿತು. ಆದರೆ ಪ್ರಾವಿಡೆಂಟ್ ಫಂಡು, ಬೀಡಿ ಕಾರ್ಮಿಕರ ಕಲ್ಯಾಣ ನಿಧಿ, ಮಕ್ಕಳಿಗೆ ಸ್ಕಾಲರ್‌ಶಿಪ್ ಎಲ್ಲವೂ ಪುಸ್ತಕ ಇದ್ದವರಿಗೆ. ಬೀಡಿ ಕೆಲಸಗಾರರಿಗೆಂದೇ 1966ರಲ್ಲಿ ಒಂದು ಕಾಯ್ದೆಯಾಯಿತು, ಮನೆಯಲ್ಲಿ ಕೂತು ಕಟ್ಟುವವರೂ ಅದರಲ್ಲಿ ಕಾರ್ಮಿಕರೇ. ಹಾಗಿದ್ದೂ ಖಾಲಾ ಕಟ್ಟಿದ ಲಕ್ಷಾಂತರ ಬೀಡಿಗಳಲ್ಲಿ ಒಂದರ ಮೇಲೂ ಅವರ ಹೆಸರಿಲ್ಲ. ಖಾಲಾಗೆ ಎದೆಯ ಕಾಯಿಲೆ ಬಂದಾಗ ಪುಸ್ತಕ ತೋರಿಸಿ ಎಂದರಂತೆ. ಅಮ್ಮಿ ತಮ್ಮ ಪುಸ್ತಕ ಕೊಟ್ಟು ಕಳಿಸಿದರು, ಫೋಟೋ ಬೇರೆ ಎಂದು ವಾಪಸು ಕಳಿಸಿದರು. ನಾನು ಇದೆಲ್ಲ ನೋಡಿಕೊಂಡೇ ಬೆಳೆದವನು, ಚಾರ್ಟ್ ಬರೆಯುವಾಗ ನೆನಪಿಗೆ ಬರಲಿಲ್ಲ.

ಆ ಜೂನಿನಲ್ಲಿ ಪರೀಕ್ಷೆ ಬರೆದೆ. 'ಆದೇಶದ ಏಕತೆ ಎಂದರೇನು? ಉದಾಹರಣೆಯೊಂದಿಗೆ ವಿವರಿಸಿ' ಎಂದು ಬಂದಿತ್ತು. ಪುಸ್ತಕದ ಉದಾಹರಣೆಯನ್ನೇ ಬರೆದೆ. ಒಳ್ಳೆಯ ಅಂಕ ಬಂತು. 2006ರಲ್ಲಿ ಕೆಲಸ ಬಿಟ್ಟೆ, ಎಂ.ಕಾಂ. ಮುಗಿಸಿದೆ, ಈಗ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಇದೇ ಪಾಠ ಹೇಳುತ್ತೇನೆ. ಅತಿಥಿ ಉಪನ್ಯಾಸಕ ಯಾವ ಚೌಕದಲ್ಲಿ ಬರುತ್ತಾನೆ ಎಂಬುದು ಅದೇ ಸ್ಥಿತಿಯಲ್ಲಿರುವ ಓದುಗರಿಗೆ ವಿವರಿಸಬೇಕಾಗಿಲ್ಲ.

ನನ್ನ ವಿದ್ಯಾರ್ಥಿಗಳು ಈಗ ಸತ್ಯಮಂಗಲಕ್ಕಿಂತ ವಸಂತನರಸಾಪುರಕ್ಕೆ ಹೆಚ್ಚು ಹೋಗುತ್ತಾರೆ. ಅಲ್ಲಿ 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು. ಕೆಲಸಕ್ಕೆ ಸೇರಿದ ಹುಡುಗರು ಬಂದು ಕುತ್ತಿಗೆಯ ಟ್ಯಾಗ್ ತೋರಿಸುತ್ತಾರೆ. ಕೆಲವು ಕಂಪನಿಗಳಲ್ಲಿ ಕಾಯಂ ಇದ್ದವರಿಗೆ ಒಂದು ಬಣ್ಣ, ಕಾಂಟ್ರಾಕ್ಟ್‌ನವರಿಗೆ ಇನ್ನೊಂದು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ನಾನು ಓದಿದ 1923ರ, 1948ರ, 1966ರ ಕಾಯ್ದೆಗಳು ಅವುಗಳಲ್ಲಿ ಕರಗಿದವು. ಕೆಲಸಕ್ಕೆ ತೆಗೆದುಕೊಂಡವರಿಗೆ ನೇಮಕಾತಿ ಪತ್ರ ಕೊಡಬೇಕು ಎಂಬುದು ಹೊಸ ಸಂಹಿತೆಯಲ್ಲಿದೆ. ತರಗತಿಯಲ್ಲಿ ಇದನ್ನು ಹೇಳಿ, ಯಾರ ಮನೆಯಲ್ಲಿ ಅಂಥ ಪತ್ರ ಇದೆ ಎಂದು ಕೇಳಿದೆ. ಅರವತ್ತು ಮಕ್ಕಳಲ್ಲಿ ಏಳು ಕೈ ಎದ್ದವು.

2019ರಲ್ಲಿ ಒಂದು ಮದುವೆಗೆಂದು ಕುಣಿಗಲ್‌ಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಸಾರ್" ಎಂದರು. ಮೂವತ್ತು ದಾಟಿದ, ಮೈತುಂಬಿದ ಆಳು. ನನಗೆ ಮೊದಲು ಗುರುತು ಸಿಕ್ಕಿದ್ದು ಕೈಯದು. ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡಿದ್ದಾನೆ, ಕಾಯಿ ಕೀಳುವವರು, ಸುಲಿಯುವವರು ಎಂದು ನಾಲ್ಕೈದು ಜನ ಅವನ ಹತ್ತಿರ ಕೆಲಸಕ್ಕಿದ್ದಾರೆ. ಟೀ ಕುಡಿಸಿದ. ಗುಬ್ಬಿ ಅಣ್ಣ ಹೇಗಿದ್ದಾರೆ ಎಂದು ಕೇಳಿದ. ತೀರಿಕೊಂಡು ಮೂರು ವರ್ಷವಾಯಿತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ನಾನು ಬರೆದ ಮೊದಲ ವರದಿಯ ವಿಷಯ ಅವನಿಗೆ ಗೊತ್ತಿತ್ತೋ ಇಲ್ಲವೋ, ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ನಕ್ಕು, "ಸಾರ್, ನೀವು ಅವತ್ತು ಎಲ್ರ ಮುಂದೆ ಇವನ್ನ ನೋಡಿ ಕಲೀರಿ ಅಂದಿದ್ರಲ್ಲ. ಮನೇಗೆ ಹೋಗಿ ನಮ್ಮವ್ವಂಗೆ ಹೇಳಿದ್ದೆ. ಅವ್ವ ಈಗ್ಲೂ ಹೇಳ್ತಿರ್ತಳೆ" ಎಂದ.

ತುಮಕೂರಿನ ಬಸ್ಸು ಬಂತು. ಟೀ ದುಡ್ಡು ಕೊಡಲು ಹೋದೆ, ಅವನು ಕೊಡಲು ಬಿಡಲಿಲ್ಲ.